ವಸಡಿನ ಬೇನೆಯೂ ದವಡೆಯ ಎಲುಬೂ

ಮುಪ್ಪಿನಲ್ಲಿ ಹಲ್ಲು ಬೀಳುವುದು ಸಹಜವೆಂದು ನಮ್ಮಲ್ಲಿ ಅನೇಕರು ನಂಬಿರುವರು. ಆದರೆ ಹುಳುಕಿಲ್ಲದ ಗಟ್ಟಿ ಹಲ್ಲುಗಳೇ ನಡುವಯಸ್ಸಿನಲ್ಲಿ ಅಲುಗಾಡತೊಡಗುವುದನ್ನು ಎಷ್ಟೋ ಮನೆಗಳಲ್ಲಿ ನಾವು ಕಾಣುತ್ತೇವೆ. ಇಲ್ಲಿ ದೋಷವು ಹಲ್ಲಿನದಲ್ಲ; ಅದನ್ನು ಹಿಡಿದು ನಿಲ್ಲಿಸಿದ್ದ ದವಡೆಯ ಎಲುಬು ಸವೆದುಹೋಗಿರುವುದು. ಬುಡದ ಮಣ್ಣು ಕೊಚ್ಚಿಹೋದ ಗಿಡವು ವಾಲದೆ ಇದ್ದೀತೆ?

ಹಲ್ಲಿನ ಬುಡದಲ್ಲಿ ಕಟ್ಟುವ ಪಾಚಿಯೊಳಗಿನ ಬ್ಯಾಕ್ಟೀರಿಯಾಗಳೇ ಈ ಬೇನೆಗೆ ಮೊದಲ ಕಾರಣ. ಹರಾಲ್ಡ್ ಲೋ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಡೆನ್ಮಾರ್ಕಿನಲ್ಲಿ ನಡೆಸಿ 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರೋಗ್ಯವಂತರಾದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡಿಗೂ ಉರಿಯೂತ ಬಂದಿತು. ಮರಳಿ ಉಜ್ಜತೊಡಗಲು ಅದು ಇಳಿದುಹೋಯಿತು.

ಆದರೆ ಎಲುಬನ್ನು ಕರಗಿಸುವವರು ಹೊರಗಿನವರಲ್ಲ, ನಮ್ಮ ಶರೀರದ ಜೀವಕೋಶಗಳೇ ಎಂಬುದು ಸೋಜಿಗದ ಸಂಗತಿ. ವಸಡಿನಲ್ಲಿ ಫೈಬ್ರೋಬ್ಲಾಸ್ಟ್ ಎಂಬ ಜೀವಕೋಶಗಳುಂಟು. ವಸಡಿಗೆ ಬಿಗಿಯನ್ನು ಕೊಡುವ ನಾರನ್ನು ನೇಯುವುದು ಇವುಗಳ ಕಸುಬು. ಬ್ಯಾಕ್ಟೀರಿಯಾದ ವಿಷಾಂಶವು ತಾಗಿದೊಡನೆ ಇವು ಇಂಟರ್‌ಲ್ಯೂಕಿನ್, ಪ್ರೋಸ್ಟಗ್ಲಾಂಡಿನ್ ಮೊದಲಾದ ದ್ರವ್ಯಗಳನ್ನು ಸ್ರವಿಸಿ ರಕ್ತದ ಬಿಳಿಯ ಕಣಗಳನ್ನು ನೆರವಿಗೆ ಕರೆಯುವುವು. ತಾವು ನೇಯ್ದ ನಾರನ್ನೇ ಕತ್ತರಿಸುವ ಕಿಣ್ವಗಳನ್ನೂ ಹೊರಡಿಸುವುವು. ಈ ಗದ್ದಲದಲ್ಲಿ ರ‍್ಯಾಂಕ್-ಎಲ್ ಎಂಬ ದ್ರವ್ಯವು ಹೆಚ್ಚಿ, ಎಲುಬನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಜೀವಕೋಶಗಳನ್ನು ಎಬ್ಬಿಸುವುದು. 1997ರಲ್ಲಿ ಬೆಳಕಿಗೆ ಬಂದ ಆಸ್ಟಿಯೋಪ್ರೊಟೆಜೆರಿನ್ ಎಂಬುದು ಇದಕ್ಕೆ ತಡೆ. ಆ ತಡೆಯನ್ನು ತಯಾರಿಸುವವರಲ್ಲಿ ಫೈಬ್ರೋಬ್ಲಾಸ್ಟ್‌ಗಳೂ ಸೇರಿವೆ. ಇವೆರಡರ ತೂಕವು ತಪ್ಪಿ ಬಹುಕಾಲ ನಡೆದರೆ ಎಲುಬು ಸವೆಯುವುದು. ಕಾಯಬೇಕಾದ ಬೇಲಿಯೇ ಹೊಲವನ್ನು ಮೇಯ್ದಂತಾಗುವುದು.

ಈ ಬೇನೆಗೆ ಬಹುಮಟ್ಟಿಗೆ ನೋವಿಲ್ಲ; ಅದೇ ಅದರ ಮೋಸ. ಉಜ್ಜುವಾಗ ರಕ್ತ ಒಸರಿದರೆ ಅನೇಕರು ಹೆದರಿ ಅಲ್ಲಿ ಉಜ್ಜುವುದನ್ನೇ ಬಿಡುವರು. ಇದರಿಂದ ಪಾಚಿ ಇನ್ನಷ್ಟು ಬೆಳೆಯುವುದು. ಮೃದುವಾಗಿ, ದಿನವೂ ಎರಡು ವೇಳೆ ಉಜ್ಜತಕ್ಕದ್ದು. ಕಲ್ಲಿನಂತೆ ಗಟ್ಟಿಯಾದ ಕಿಟ್ಟವನ್ನು ದಂತವೈದ್ಯರಿಂದಲೇ ತೆಗೆಸಬೇಕು. ಹಾಗೆ ತೆಗೆಸಿದರೆ ಹಲ್ಲು ಸಡಿಲವಾಗುವುದೆಂಬ ಭೀತಿಯು ನಿರಾಧಾರವಾದುದು. ಎಲುಬು ಮೊದಲೇ ಸವೆದಿದ್ದುದು ಆಗ ಕಣ್ಣಿಗೆ ಬೀಳುವುದಷ್ಟೆ. ಹೊಗೆಸೊಪ್ಪನ್ನು ಬಳಸುವವರೂ ಸಕ್ಕರೆ ಕಾಯಿಲೆಯುಳ್ಳವರೂ ವಿಶೇಷವಾಗಿ ಎಚ್ಚರದಿಂದಿರತಕ್ಕದ್ದು. ಹೋದ ಎಲುಬು ತಾನಾಗಿ ಮರಳಿ ಬೆಳೆಯುವುದಿಲ್ಲ; ಉಳಿದುದನ್ನು ಕಾಪಾಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.