ಕೀಲಿಯಿಲ್ಲದ ಕೈಚಳಕ

ಲಂಡನ್ನಿನ ಪಿಕಡಿಲಿ ಬೀದಿಯಲ್ಲಿ ಜೋಸೆಫ್ ಬ್ರಾಮಾ ಎಂಬ ಯಂತ್ರನಿರ್ಮಾಪಕನ ಅಂಗಡಿಯಿತ್ತು. ಅದರ ಕಿಟಕಿಯಲ್ಲೊಂದು ಬೀಗ, ಅದರ ಜೊತೆಗೊಂದು ಪಂಥ: ಕೀಲಿಯಿಲ್ಲದೆ ಈ ಬೀಗ ತೆಗೆಯುವ ಸಲಕರಣೆ ಮಾಡಿಕೊಟ್ಟವರಿಗೆ 200 ಗಿನಿ ಬಹುಮಾನ. ಬ್ರಾಮಾ 1814ರಲ್ಲಿ ತೀರಿಕೊಂಡ. ವ್ಯಾಪಾರ ಮಕ್ಕಳ ಕೈಗೆ ಬಂತು. ಬಹುಮಾನದ ಹಣ ಮಾತ್ರ ಇದ್ದಲ್ಲೇ ಇತ್ತು. 1851ರಲ್ಲಿ ಕ್ರಿಸ್ಟಲ್ ಪ್ಯಾಲೆಸ್‌ನ ಮಹಾ ಪ್ರದರ್ಶನಕ್ಕೆಂದು ಅಮೆರಿಕದಿಂದ ಬಂದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಆ ಪಂಥಕ್ಕೆ ಕೈ ಹಾಕಿದ. ತೀರ್ಪುಗಾರರು ನೇಮಕವಾದರು. ಬೀಗದ ಒಳಗೆ ಹದಿನೆಂಟು ಜಾರುಪಟ್ಟಿಗಳು. ಒಂದೊಂದನ್ನೂ ಅದರದರ ಆಳಕ್ಕೆ ಒತ್ತಿದರೆ ಮಾತ್ರ ಬೀಗ ಬಿಡುತ್ತದೆ. ಹದಿನಾರು ದಿನಗಳಲ್ಲಿ ಹಂಚಿಹೋದ 51 ಗಂಟೆಗಳ ಕೆಲಸದ ಕೊನೆಗೆ ಹಾಬ್ಸ್ ಅದನ್ನು ತೆರೆದೇಬಿಟ್ಟ.

ಅದಕ್ಕೂ ಮೊದಲು ಅವನು ಇನ್ನೊಂದು ಹೆಸರಾಂತ ಬೀಗವನ್ನು ಕೇವಲ 25 ನಿಮಿಷದಲ್ಲಿ ತೆರೆದು ತೋರಿಸಿದ್ದ. ಅದು ಚಬ್ ಕಂಪನಿಯ ‘ಡಿಟೆಕ್ಟರ್’ ಬೀಗ. ಬೇರೆ ಯಾರಾದರೂ ಕೈಯಾಡಿಸಿ ಒಳಗಿನ ಲಿವರನ್ನು ಹೆಚ್ಚು ಎತ್ತಿದರೆ ಅದು ಅಲ್ಲೇ ಸಿಕ್ಕಿಕೊಂಡು, ಯಾರೋ ಮುಟ್ಟಿದ್ದಾರೆಂದು ಯಜಮಾನನಿಗೆ ತಿಳಿಸುತ್ತಿತ್ತು. ಬ್ಯಾಂಕುಗಳು ನಂಬಿಕೊಂಡಿದ್ದ ಬೀಗಗಳನ್ನು ಹೀಗೆ ಬಿಡಿಸಿದಾಗ ಲಂಡನ್ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೇ ಆಯಿತು. ಇಂಥ ವಿದ್ಯೆಯನ್ನು ಬಹಿರಂಗವಾಗಿ ಚರ್ಚಿಸಿದರೆ ಕಳ್ಳರಿಗೆ ಪಾಠ ಹೇಳಿಕೊಟ್ಟಂತಲ್ಲವೇ ಎಂಬ ಆಕ್ಷೇಪ ಎದ್ದಿತು. ಹಾಬ್ಸ್ ಕಡೆಯವರ ಉತ್ತರ ಸರಳವಾಗಿತ್ತು: ಕಳ್ಳರಿಗೆ ಇದೆಲ್ಲ ಮೊದಲೇ ಗೊತ್ತು, ಗೊತ್ತಿಲ್ಲದಿರುವುದು ಬೀಗ ಕೊಳ್ಳುವ ಸಾಮಾನ್ಯರಿಗೆ. ಹಾಬ್ಸ್ ಕೂಡ ಬೀಗ ಮಾರಲು ಬಂದವನೇ, ನಿಜ. ಆದರೆ ಅವನು ಹೊಗಳಿ ಮಾರುತ್ತಿದ್ದ ಬೀಗವನ್ನೂ ಕೆಲವೇ ವರ್ಷಗಳಲ್ಲಿ ಮತ್ತೊಬ್ಬ ಅಮೆರಿಕನ್, ಲೈನಸ್ ಯೇಲ್ ಜೂನಿಯರ್, ಬಿಡಿಸಿದ. ಒಬ್ಬರ ಬೀಗವನ್ನು ಇನ್ನೊಬ್ಬರು ಸೋಲಿಸಿದ್ದರಿಂದಲೇ ಆ ಕಾಲದ ಬೀಗಗಳು ಬಲವಾದವು.

ನೂರಾರು ವರ್ಷ ಕುಶಲಕರ್ಮಿಗಳ ಮತ್ತು ಕಳ್ಳರ ಕೈಯಲ್ಲಿದ್ದ ಈ ವಿದ್ಯೆ ಇವತ್ತು ಒಂದು ಹವ್ಯಾಸ. 1997ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸ್ಟೆಫನ್ ವೆರ್ನೆರಿ ಎಂಬ ಕಂಪ್ಯೂಟರ್ ಹವ್ಯಾಸಿಯ ಮುಂದಾಳತ್ವದಲ್ಲಿ ಬೀಗಾಸಕ್ತರ ಸಂಘವೊಂದು ಹುಟ್ಟಿತು. ಅದರ ಹೆಸರೇ ‘ಸ್ಪೋರ್ಟ್ಸ್‌ಫ್ರೊಯಿಂಡೆ ಡೇರ್ ಶ್ಪೆರ್‌ಟೆಕ್ನಿಕ್’, ಅಂದರೆ ಬೀಗತಂತ್ರದ ಕ್ರೀಡಾಮಿತ್ರರು. ನೆದರ್‌ಲೆಂಡ್ಸ್‌ನಲ್ಲಿ ಬ್ಯಾರಿ ವೆಲ್ಸ್ ಮತ್ತು ಗೆಳೆಯರು ‘ಟೂಲ್’ ಸಂಸ್ಥೆ ಕಟ್ಟಿದರು. ಅದಕ್ಕೀಗ ಅಮೆರಿಕದಲ್ಲೂ ಶಾಖೆಗಳಿವೆ. ಎಂಜಿನಿಯರುಗಳು, ವಿದ್ಯಾರ್ಥಿಗಳು, ನಿವೃತ್ತರು ಸಂಜೆ ಒಂದು ಮೇಜಿನ ಸುತ್ತ ಕೂತು, ತಮ್ಮ ಬೀಗಗಳನ್ನು ಮುಂದಿಟ್ಟುಕೊಂಡು ಬಿಡಿಸುತ್ತಾರೆ. ಗಡಿಯಾರ ಹಿಡಿದು ನಡೆಯುವ ಪಂದ್ಯಗಳೂ ಇವೆ. ಲಾಸ್ ವೇಗಸ್‌ನಲ್ಲಿ ನಡೆಯುವ ‘ಡೆಫ್ ಕಾನ್’ ಹ್ಯಾಕರ್ ಸಮ್ಮೇಳನದಲ್ಲಿ ಬೀಗ ಬಿಡಿಸುವುದನ್ನು ಕಲಿಸುವುದಕ್ಕೆಂದೇ ಒಂದು ವಿಭಾಗವಿರುತ್ತದೆ.

ಏನಿದರ ಸೊಗಸು? ಅದು ತಿಳಿಯಬೇಕಾದರೆ ಬೀಗದ ಒಳಗೆ ಇಣುಕಬೇಕು.

ನಮ್ಮ ಮನೆಗಳ ಮುಂಬಾಗಿಲಿಗೆ ಹಾಕುವ ನೈಟ್ ಲ್ಯಾಚುಗಳಲ್ಲಿ ಹೆಚ್ಚಿನವು ಪಿನ್ ಬೀಗಗಳು. ಮರದ ಪಿನ್ನುಗಳಿದ್ದ ಇದರ ಪೂರ್ವಜ ಪ್ರಾಚೀನ ಈಜಿಪ್ಟಿನಲ್ಲೇ ಬಳಕೆಯಲ್ಲಿತ್ತು. ಅದಕ್ಕೆ ಸಣ್ಣ ಚಪ್ಪಟೆ ಕೀಲಿಯ ಆಧುನಿಕ ರೂಪ ಕೊಟ್ಟು 1861 ಮತ್ತು 1865ರಲ್ಲಿ ಪೇಟೆಂಟ್ ಪಡೆದವನು ಅದೇ ಲೈನಸ್ ಯೇಲ್. ಹೊರಗೊಂದು ಕವಚ, ಅದರೊಳಗೆ ತಿರುಗುವ ಸಿಲಿಂಡರ್. ಎರಡನ್ನೂ ಹಾದುಹೋಗುವ ಐದೋ ಆರೋ ತೂತು. ಪ್ರತಿ ತೂತಿನಲ್ಲಿ ಒಂದರ ಮೇಲೊಂದು ಎರಡು ಪಿನ್, ಮೇಲಿನಿಂದ ಒತ್ತುವ ಒಂದು ಸ್ಪ್ರಿಂಗ್. ಕೀಲಿ ಒಳಗಿಲ್ಲದಾಗ ಮೇಲಿನ ಪಿನ್ನುಗಳು ಸಿಲಿಂಡರಿನೊಳಕ್ಕೆ ಇಳಿದು, ಅದು ತಿರುಗದಂತೆ ಹಿಡಿದುಕೊಂಡಿರುತ್ತವೆ. ಸರಿಯಾದ ಕೀಲಿಯ ಹಲ್ಲುಗಳು ಎಲ್ಲ ಜೋಡಿಗಳನ್ನೂ ಬೇಕಾದಷ್ಟೇ ಎತ್ತುತ್ತವೆ. ಎರಡು ಪಿನ್ನುಗಳ ನಡುವಿನ ಸಂದು ಸಿಲಿಂಡರಿನ ಅಂಚಿಗೆ ಸರಿಯಾಗಿ ಬಂದು ನಿಂತಾಗ ಸಿಲಿಂಡರ್ ಸಲೀಸಾಗಿ ತಿರುಗುತ್ತದೆ.

ಆ ತೂತುಗಳನ್ನು ಒಂದೇ ಗೆರೆಯಲ್ಲಿ, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೊರೆಯಲು ಸಾಧ್ಯವಿದ್ದಿದ್ದರೆ ಒಂದೊಂದೇ ಪಿನ್ ಎತ್ತಿ ಬೀಗ ಬಿಡಿಸುವ ಈ ಕಲೆಯೇ ಇರುತ್ತಿರಲಿಲ್ಲ. ಯಾವ ಕಾರ್ಖಾನೆಗೂ ಅದು ಸಾಧ್ಯವಾಗಿಲ್ಲ. ಹಾಗಾಗಿ ಸಿಲಿಂಡರನ್ನು ಮೆಲ್ಲಗೆ ತಿರುಗಿಸಲು ನೋಡಿದರೆ ಎಲ್ಲ ಪಿನ್ನುಗಳೂ ಒಟ್ಟಿಗೆ ಸಿಕ್ಕಿಕೊಳ್ಳುವುದಿಲ್ಲ. ಯಾವುದೋ ಒಂದು ಮೊದಲು ಬಿಗಿಯಾಗುತ್ತದೆ. ಹವ್ಯಾಸಿಯ ಎಡಗೈಯಲ್ಲಿ ಎಲ್ ಆಕಾರದ ಒಂದು ಚಪ್ಪಟೆ ಪಟ್ಟಿ, ಟೆನ್ಷನ್ ವ್ರೆಂಚ್. ಬಲಗೈಯಲ್ಲಿ ತುದಿ ಬಾಗಿದ ತೆಳು ಕೊಕ್ಕೆ, ಪಿಕ್. ವ್ರೆಂಚಿನ ಮೇಲೆ ಬೆರಳ ಭಾರವಷ್ಟೇ ಬಿಟ್ಟು, ಕೊಕ್ಕೆಯಿಂದ ಪಿನ್ನುಗಳನ್ನು ಒಂದೊಂದಾಗಿ ತಡಕಬೇಕು. ನಾಲ್ಕು ಪಿನ್ ಸ್ಪ್ರಿಂಗಿನಂತೆ ಕುಣಿಯುತ್ತವೆ, ಐದನೆಯದು ಬಿಗಿದುಕೊಂಡಿರುತ್ತದೆ. ಅದನ್ನು ತುಸುವೇ ಎತ್ತಿದರೆ ‘ಟಿಕ್’ ಎಂಬ ಸಣ್ಣ ಸದ್ದು. ಸಿಲಿಂಡರ್ ಗೊತ್ತಾಗದಷ್ಟು ತಿರುಗುತ್ತದೆ, ಮೇಲಿನ ಪಿನ್ ಅಂಚಿನ ಮೇಲೆ ಕೂರುತ್ತದೆ. ಆಗ ಇನ್ನೊಂದು ಪಿನ್ ಬಿಗಿಯಾಗುತ್ತದೆ. ಹೀಗೆ ಒಂದಾದ ಮೇಲೊಂದು ಕೂರಿಸುತ್ತ ಹೋದರೆ ಕೊನೆಯ ಪಿನ್ ಕೂತ ಗಳಿಗೆಯಲ್ಲಿ ಸಿಲಿಂಡರ್ ತಾನಾಗಿ ತಿರುಗಿಬಿಡುತ್ತದೆ. ಕಣ್ಣಿಗೆ ಇಲ್ಲಿ ಕೆಲಸವಿಲ್ಲ. ತಂಬೂರಿ ಶ್ರುತಿ ಮಾಡುವವರಿಗೆ ಕಿವಿ ಹೇಗೋ ಬೀಗ ಬಿಡಿಸುವವರಿಗೆ ಬೆರಳ ತುದಿ ಹಾಗೆ. ಹೊಸಬರ ತಪ್ಪೂ ಸಾಮಾನ್ಯವಾಗಿ ಒಂದೇ: ಬಲ ಹೆಚ್ಚಾಗುವುದು. ಒತ್ತಡ ಜಾಸ್ತಿಯಾದರೆ ಎಲ್ಲ ಪಿನ್ನುಗಳೂ ಒಟ್ಟಿಗೆ ಬಿಗಿದುಕೊಂಡು ಯಾವುದು ಯಾವುದೆಂದೇ ತಿಳಿಯುವುದಿಲ್ಲ.

ತಯಾರಕರೇನೂ ಸುಮ್ಮನೆ ಕೂತಿಲ್ಲ. ಒಳ್ಳೆಯ ಬೀಗಗಳಲ್ಲಿ ಕೆಲವು ಪಿನ್ನುಗಳ ನಡುವನ್ನು ನೂಲಿನ ರೀಲಿನ ಆಕಾರದಲ್ಲಿ ಸಣ್ಣದು ಮಾಡಿರುತ್ತಾರೆ. ಅಂಥ ಪಿನ್ ಅರ್ಧಕ್ಕೇ ಸಿಕ್ಕಿಕೊಂಡು, ಸಿಲಿಂಡರನ್ನು ತುಸು ಹೆಚ್ಚೇ ತಿರುಗಿಸಿ, ಬೀಗ ಬಿಟ್ಟಿತೆಂಬ ಭ್ರಮೆ ಹುಟ್ಟಿಸುತ್ತದೆ. ಆಗ ವ್ರೆಂಚಿನ ಹಿಡಿತ ಸಡಿಲಿಸಿ, ಸಿಲಿಂಡರ್ ಹಿಂದಕ್ಕೆ ಜಾರಲು ಬಿಟ್ಟು, ಪಿನ್ನನ್ನು ಮತ್ತೆ ಎತ್ತಬೇಕು. ಈ ಆಟ ಅಲ್ಲಿಯವರೆಗೆ ಕೂರಿಸಿದ್ದ ಬೇರೆ ಪಿನ್ನುಗಳು ಕೆಳಗೆ ಬೀಳದಂತೆ ನಡೆಯಬೇಕು. ಹವ್ಯಾಸದ ನಿಜವಾದ ರುಚಿ ಹತ್ತುವುದು ಇಲ್ಲಿಂದಲೇ.

ಈ ಬಳಗದಲ್ಲಿ ಎಲ್ಲರೂ ಒಪ್ಪಿ ನಡೆಯುವ ಎರಡು ನಿಯಮಗಳಿವೆ. ತನ್ನದಲ್ಲದ ಬೀಗವನ್ನು ಯಜಮಾನರ ಅನುಮತಿಯಿಲ್ಲದೆ ಮುಟ್ಟಬಾರದು. ದಿನಬಳಕೆಯಲ್ಲಿರುವ ಬೀಗವನ್ನು, ಅದು ಸ್ವಂತದ್ದೇ ಆದರೂ, ಬಿಡಿಸಲು ಹೋಗಬಾರದು. ಎರಡನೆಯದಕ್ಕೆ ಕಾರಣ ಬೀಗದ ಒಳಗೇ ಇದೆ: ಬಿಡಿಸಿದ ಸಿಲಿಂಡರನ್ನು ಅರ್ಧ ಸುತ್ತು ತಿರುಗಿಸಿದರೆ ಮೇಲಿನ ಪಿನ್ನುಗಳು ಕೀಲಿ ಹೋಗುವ ಸಂದಿಗೆ ಬಿದ್ದು, ಬೀಗ ಅಲ್ಲೇ ಹಿಡಿದುಕೊಳ್ಳಬಹುದು. ಮುಂಬಾಗಿಲಿಗೆ ಆ ಗತಿ ಬಂದರೆ ಮನೆಯವರೆಲ್ಲ ಮೆಟ್ಟಿಲ ಮೇಲೆ ಕೂರಬೇಕಾಗುತ್ತದೆ. ಕಾನೂನಿನ ಕಣ್ಣಿನಲ್ಲೂ ಉದ್ದೇಶವೇ ಮುಖ್ಯ. ಬ್ರಿಟನ್ನಿನ 1968ರ ಕಳ್ಳತನ ಕಾಯ್ದೆ, ಕದಿಯುವುದಕ್ಕೆಂದು ಸಲಕರಣೆ ಇಟ್ಟುಕೊಂಡು ಮನೆಯಿಂದ ಹೊರಗೆ ಓಡಾಡುವುದನ್ನೇ ಅಪರಾಧವೆನ್ನುತ್ತದೆ. ಮಹಾರಾಷ್ಟ್ರದ ಪೊಲೀಸ್ ಕಾಯ್ದೆಯಂತೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಸರಿಯಾದ ಕಾರಣವಿಲ್ಲದೆ ಕನ್ನದ ಸಲಕರಣೆ ಹೊಂದಿರುವುದು ಶಿಕ್ಷಾರ್ಹ. ಪಿಕ್ಕುಗಳ ಚೀಲ ಮನೆಯ ಮೇಜಿನ ಮೇಲಿರುವುದೇ ಕ್ಷೇಮ.

ಹವ್ಯಾಸಿಗಳ ಕುತೂಹಲದಿಂದ ಲೋಕಕ್ಕೆ ಆದ ಲಾಭ ಸಣ್ಣದಲ್ಲ. 2004ರಲ್ಲಿ ಅಮೆರಿಕದ ಸೈಕಲ್ ಸವಾರನೊಬ್ಬ ಕ್ರಿಪ್ಟೊನೈಟ್ ಕಂಪನಿಯ ದುಬಾರಿ ಬೀಗವನ್ನು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದ ತೆರೆದು ತೋರಿಸಿದಾಗ, ಕಂಪನಿ ಗ್ರಾಹಕರಿಗೆ ಬೀಗಗಳನ್ನು ಉಚಿತವಾಗಿ ಬದಲಾಯಿಸಿಕೊಟ್ಟಿತು. ಅದರ ಹಿಂದಿನ ವರ್ಷ ಮ್ಯಾಟ್ ಬ್ಲೇಜ್ ಎಂಬ ಕಂಪ್ಯೂಟರ್ ವಿಜ್ಞಾನಿ, ಕಚೇರಿಯ ಒಂದು ಸಾಮಾನ್ಯ ಕೀಲಿ ಮತ್ತು ಕೆಲವು ಖಾಲಿ ಕೀಲಿಗಳಿಂದ ಇಡೀ ಕಟ್ಟಡದ ಮಾಸ್ಟರ್ ಕೀಲಿಯನ್ನು ಕಂಡುಹಿಡಿಯಬಹುದೆಂದು ಪ್ರಕಟಿಸಿದ್ದರು. ಬೀಗದ ವೃತ್ತಿಯವರು ಅವರ ಮೇಲೆ ಸಿಟ್ಟಾದರು; ಇಂಥದ್ದನ್ನು ಹೊರಗೆ ಹೇಳಬಾರದಿತ್ತೆಂಬ ಅದೇ 1851ರ ವಾದ. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಣುಬಾಂಬಿನ ಕೆಲಸದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್‌ಗೂ ಇದೇ ಅನುಭವ. ರಹಸ್ಯ ಕಾಗದಗಳಿದ್ದ ಬೀರುಗಳನ್ನು ತೆರೆಯುವುದು ಎಷ್ಟು ಸುಲಭವೆಂದು ಅವರು ಸೇನಾಧಿಕಾರಿಯೊಬ್ಬರಿಗೆ ತೋರಿಸಿಕೊಟ್ಟರೆ, ಫೈನ್‌ಮನ್ ಬಂದುಹೋದ ಕೋಣೆಯವರೆಲ್ಲ ತಮ್ಮ ಬೀಗದ ಸಂಖ್ಯೆ ಬದಲಿಸಬೇಕೆಂದು ಆದೇಶ ಹೊರಟಿತು. ದೋಷವನ್ನು ಬಿಟ್ಟು, ದೋಷ ತೋರಿಸಿದವನನ್ನು ಹಿಡಿದುಕೊಳ್ಳುವ ಈ ಚಾಳಿ ಬೀಗಕ್ಕಂತೂ ಯಾವ ಬಲವನ್ನೂ ಕೊಡುವುದಿಲ್ಲ.

ನಮ್ಮಲ್ಲಿ ಈ ಹವ್ಯಾಸ ಹಿಡಿಯುವವರು ಒಂದು ವ್ಯತ್ಯಾಸ ಗಮನಿಸಬೇಕು. ಅಂಗಡಿ, ಗೋದಾಮು, ಗೇಟುಗಳ ಮೇಲೆ ತೂಗುವ ಅಲಿಗಢದ ಬೀಗಗಳು, 2019ರಲ್ಲಿ ಭೌಗೋಳಿಕ ಸೂಚಕ ಪಡೆದ ತಮಿಳುನಾಡಿನ ದಿಂಡಿಗಲ್ ಬೀಗಗಳು ಬಹುಪಾಲು ಲಿವರ್ ಜಾತಿಯವು. ಇವುಗಳಲ್ಲಿ ಪಿನ್ನುಗಳ ಜಾಗದಲ್ಲಿ ಒಂದರ ಮೇಲೊಂದು ಜೋಡಿಸಿದ ಲೋಹದ ತಗಡುಗಳಿರುತ್ತವೆ. ಕೀಲಿ ಪ್ರತಿ ತಗಡನ್ನೂ ಅದರದೇ ಎತ್ತರಕ್ಕೆ ಏರಿಸಿ, ಬೀಗದ ನಾಲಗೆ ಸರಿಯಲು ದಾರಿ ಮಾಡುತ್ತದೆ. ಬಿಡಿಸುವ ತತ್ವ ಅದೇ, ಬಿಗಿಯಾದುದನ್ನು ಮೊದಲು ಎತ್ತುವುದು. ಆದರೆ ಹೊರದೇಶದ ಸಾಮಾನ್ಯ ಪಿಕ್ ಸೆಟ್ಟುಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಒತ್ತಡವನ್ನೂ ಎತ್ತುವಿಕೆಯನ್ನೂ ಒಂದೇ ತೂತಿನಿಂದ ಕೊಡುವಂಥ, ಒಂದರೊಳಗೊಂದು ಕೂರುವ ಎರಡು ತಂತಿಗಳ ಸಲಕರಣೆ ಬೇಕು. ಕಲಿಯಲು ಹೊರಟವರು ಮೊದಲು ಎರಡು ಪಿನ್ನಿನ ಅಗ್ಗದ ಬೀಗದಿಂದ ಶುರುಮಾಡಿ, ಬೆರಳು ಪಳಗಿದ ಮೇಲೆ ಗುಜರಿಯಲ್ಲಿ ಸಿಗುವ ಹಳೆಯ ಲಿವರ್ ಬೀಗವೊಂದನ್ನು ತಂದು, ರಿವೆಟ್ ಕತ್ತರಿಸಿ ಬಿಚ್ಚಿ, ತಗಡುಗಳ ಎತ್ತರ ಅಳೆದುಕೊಂಡು ಸಲಕರಣೆಯನ್ನು ತಾವೇ ಮಾಡಿಕೊಳ್ಳುವುದು ಒಳ್ಳೆಯದು.