ಫಿಲ್ಮ್ ಸ್ಕ್ಯಾನರ್

ಫಿಲ್ಮ್ ಸ್ಕ್ಯಾನರ್ ಎಂಬುದು ಛಾಯಾಚಿತ್ರಗಳ ನೆಗೆಟಿವ್ ಹಾಗೂ ಸ್ಲೈಡ್‌ಗಳನ್ನು ಡಿಜಿಟಲ್ ಚಿತ್ರಗಳನ್ನಾಗಿ ಪರಿವರ್ತಿಸುವ ಸಾಧನ. ಕಾಗದವನ್ನು ಓದುವ ಸ್ಕ್ಯಾನರ್ ಪ್ರತಿಫಲಿತ ಬೆಳಕನ್ನು ಬಳಸುತ್ತದೆ. ಫಿಲ್ಮ್ ಸ್ಕ್ಯಾನರಿನಲ್ಲಿ ಬೆಳಕು ಫಿಲ್ಮನ್ನು ಹಾದು ಸಂವೇದಕವನ್ನು ತಲುಪುತ್ತದೆ. ಆದುದರಿಂದ ಮುಚ್ಚಳದಲ್ಲಿ ದೀಪವಿಲ್ಲದ ಕಚೇರಿಯ ಸ್ಕ್ಯಾನರಿನಿಂದ ನೆಗೆಟಿವ್‌ಗಳನ್ನು ಸಮರ್ಪಕವಾಗಿ ಡಿಜಿಟಲೀಕರಿಸಲು ಆಗದು.

ನೆಗೆಟಿವ್ ಶಾಶ್ವತವಾದ ವಸ್ತುವಲ್ಲ. ಸೆಲ್ಯುಲೋಸ್ ಅಸಿಟೇಟ್ ಫಿಲ್ಮ್ ಶಾಖ ಮತ್ತು ತೇವಾಂಶದಲ್ಲಿ ವಿಘಟನೆಗೊಂಡು ವಿನೆಗರ್ ವಾಸನೆ ಬೀರುತ್ತದೆ, ಕುಗ್ಗಿ ಸುಕ್ಕಾಗುತ್ತದೆ. ಬಣ್ಣದ ಫಿಲ್ಮಿನ ವರ್ಣದ್ರವ್ಯಗಳು ಕಾಲಕ್ರಮೇಣ ಮಾಸುತ್ತವೆ. ವಾಸನೆ ಆರಂಭವಾಗಿರುವ ಸುರುಳಿಗಳನ್ನು ಉಳಿದವುಗಳಿಂದ ಬೇರ್ಪಡಿಸಿ ಮೊದಲು ಸ್ಕ್ಯಾನ್ ಮಾಡುವುದು ಸೂಕ್ತ.

ವಿಧಗಳು

ಫ್ಲಾಟ್‌ಬೆಡ್ ಸ್ಕ್ಯಾನರುಗಳಲ್ಲಿ ಮುಚ್ಚಳದೊಳಗೆ ಎರಡನೆಯ ದೀಪವಿರುತ್ತದೆ. ಎಪ್ಸನ್ ಪರ್ಫೆಕ್ಷನ್ ವಿ600 35 ಮಿ.ಮೀ. ಹಾಗೂ 120 ಫಿಲ್ಮುಗಳನ್ನು ಓದಬಲ್ಲದು. ವಿ850 ಇನ್ನೂ ದೊಡ್ಡ ಹಾಳೆ ಫಿಲ್ಮುಗಳನ್ನೂ ಓದುತ್ತದೆ. ಪ್ಲಸ್ಟೆಕ್ ಆಪ್ಟಿಕ್‌ಫಿಲ್ಮ್ 8200 ಕೇವಲ 35 ಮಿ.ಮೀ.ಗೆ ಮೀಸಲಾದುದು. ನಿಕಾನ್ ಕೂಲ್‌ಸ್ಕ್ಯಾನ್ ಸರಣಿಯ ಗುಣಮಟ್ಟಕ್ಕೆ ಇಂದಿಗೂ ಬೇಡಿಕೆಯಿದೆಯಾದರೂ ಅದರ ತಯಾರಿಕೆ ನಿಂತುಹೋಗಿದೆ. ಕೂಲ್‌ಸ್ಕ್ಯಾನ್ 9000 ಬಳಸುವ ಫೈರ್‌ವೈರ್ ಸಂಪರ್ಕ ಹೊಸ ಗಣಕಯಂತ್ರಗಳಲ್ಲಿ ಇಲ್ಲದಿರುವುದರಿಂದ, ಹಳೆಯ ಯಂತ್ರವನ್ನು ಕೊಳ್ಳುವವರು ಮೊದಲು ಇದನ್ನೇ ಪರಿಶೀಲಿಸಬೇಕಾಗುತ್ತದೆ. ಡ್ರಮ್ ಸ್ಕ್ಯಾನರ್ ಮುದ್ರಣೋದ್ಯಮದ ದುಬಾರಿ ಸಾಧನ, ಮನೆಬಳಕೆಗೆ ಹೊಂದದು.

ರೆಸಲ್ಯೂಶನ್

ಪೆಟ್ಟಿಗೆಯ ಮೇಲೆ ಮುದ್ರಿತವಾಗಿರುವ ಅಂಕಿಯೇ ಖರೀದಿದಾರರನ್ನು ಹೆಚ್ಚಾಗಿ ದಾರಿತಪ್ಪಿಸುವುದು. ವಿ600ರ ಘೋಷಿತ ರೆಸಲ್ಯೂಶನ್ ಅಂಗುಲಕ್ಕೆ 6400 ಪಿಕ್ಸೆಲ್. ಆದರೆ ಮಸೂರ ಹಾಗೂ ಫೋಕಸ್‌ನ ಮಿತಿಯಿಂದಾಗಿ ಇಂತಹ ಫ್ಲಾಟ್‌ಬೆಡ್‌ಗಳು ವಾಸ್ತವವಾಗಿ ಹಿಡಿಯುವ ವಿವರ ಸುಮಾರು 2000ದಿಂದ 2500ರಷ್ಟು ಮಾತ್ರ. ಆಪ್ಟಿಕ್‌ಫಿಲ್ಮಿನ 7200 ಎಂಬ ಅಂಕಿಯೂ ಬಳಕೆಯಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ.

35 ಮಿ.ಮೀ. ಚೌಕಟ್ಟಿನ ಅಳತೆ 36×24 ಮಿ.ಮೀ. ಅದನ್ನು 2400ರಲ್ಲಿ ಓದಿದರೆ ಸುಮಾರು 7.7 ಮೆಗಾಪಿಕ್ಸೆಲ್, 4000ದಲ್ಲಿ ಓದಿದರೆ ಸುಮಾರು 21 ಮೆಗಾಪಿಕ್ಸೆಲ್ ಚಿತ್ರ ದೊರೆಯುತ್ತದೆ. ಆದರೆ 120 ಫಿಲ್ಮಿನ ಚೌಕಾಕಾರದ ನೆಗೆಟಿವ್ ಸುಮಾರು 56×56 ಮಿ.ಮೀ. ಇರುವುದರಿಂದ 2400ರಲ್ಲಿಯೇ ಸುಮಾರು 28 ಮೆಗಾಪಿಕ್ಸೆಲ್ ಸಿಗುತ್ತದೆ. ಅಂದರೆ, ಸಂಗ್ರಹದಲ್ಲಿರುವ ಫಿಲ್ಮಿನ ಅಳತೆಯನ್ನು ನೋಡದೆ ಯಂತ್ರವನ್ನು ಆರಿಸುವುದು ವ್ಯರ್ಥ. ಭಾರತದ ಹಲವು ಮನೆಗಳಲ್ಲಿ ಆಗ್ಫಾ ಕ್ಲಿಕ್ 3 ಮುಂತಾದ ಪೆಟ್ಟಿಗೆ ಕ್ಯಾಮೆರಾಗಳಲ್ಲಿ ತೆಗೆದ 120 ಕಪ್ಪು-ಬಿಳುಪು ನೆಗೆಟಿವ್‌ಗಳು ಉಳಿದಿವೆ. ಇವುಗಳಿಗೆ ಸಾಧಾರಣ ಫ್ಲಾಟ್‌ಬೆಡ್ ಸಾಕು. ಆ ಕ್ಯಾಮೆರಾದ ಸರಳ ಮಸೂರವೇ ಅದಕ್ಕಿಂತ ಹೆಚ್ಚಿನ ವಿವರವನ್ನು ದಾಖಲಿಸಿರುವುದಿಲ್ಲ.

ಸಾಂದ್ರತೆ

ಫಿಲ್ಮ್ ಬೆಳಕನ್ನು ತಡೆಯುವ ಪ್ರಮಾಣವೇ ಸಾಂದ್ರತೆ. ಇದು ಲಾಗರಿದಮ್ ಮಾನದಲ್ಲಿರುವುದರಿಂದ ಸಾಂದ್ರತೆ 3 ಎಂದರೆ ಸಾವಿರದಲ್ಲಿ ಒಂದು ಭಾಗ ಬೆಳಕು ಮಾತ್ರ ಹಾದುಹೋಗುತ್ತದೆ. ನೆಗೆಟಿವ್‌ಗಳು ಸಾಮಾನ್ಯವಾಗಿ ಇದರೊಳಗೇ ಇರುತ್ತವೆ. ಸ್ಲೈಡುಗಳ ಕಡುಗಪ್ಪು ಭಾಗ ಇದನ್ನು ಮೀರುವುದರಿಂದ ಅವುಗಳಿಗೆ ಉತ್ತಮ ಯಂತ್ರ ಬೇಕು.

ಧೂಳು ಮತ್ತು ಗೀರುಗಳು

ಡಿಜಿಟಲ್ ಐಸ್ ಎಂಬ ತಂತ್ರವು ಅವಕೆಂಪು ಕಿರಣಗಳಿಂದ ಫಿಲ್ಮನ್ನು ಮತ್ತೊಮ್ಮೆ ಓದುತ್ತದೆ. ಬಣ್ಣದ ಫಿಲ್ಮಿನ ವರ್ಣದ್ರವ್ಯಗಳು ಈ ಕಿರಣಗಳಿಗೆ ಪಾರದರ್ಶಕ. ಧೂಳು ಮತ್ತು ಗೀರುಗಳು ಹಾಗಲ್ಲ. ಹೀಗೆ ದೋಷಗಳನ್ನು ಗುರುತಿಸಿ ತಂತ್ರಾಂಶ ಅಳಿಸುತ್ತದೆ. ಸಾಂಪ್ರದಾಯಿಕ ಕಪ್ಪು-ಬಿಳುಪು ಫಿಲ್ಮಿನ ಚಿತ್ರ ಬೆಳ್ಳಿಯ ಕಣಗಳಿಂದಾದುದು. ಬೆಳ್ಳಿಯೂ ಅವಕೆಂಪನ್ನು ತಡೆಯುವುದರಿಂದ ಚಿತ್ರವೇ ದೋಷವೆಂದು ಪರಿಗಣಿತವಾಗಿ ಕೆಡುತ್ತದೆ. ಇಂತಹ ಸಂಗ್ರಹವಿದ್ದವರು ಈ ಸೌಲಭ್ಯಕ್ಕಾಗಿ ಹೆಚ್ಚು ಹಣ ತೆರುವ ಅಗತ್ಯವಿಲ್ಲ. ಅವರಿಗೆ ಗಾಳಿಯೂದುವ ರಬ್ಬರ್ ಬಲ್ಬು ಮತ್ತು ಮೃದುವಾದ ಕುಂಚವೇ ಹೆಚ್ಚು ಉಪಯುಕ್ತ.

ಕ್ಯಾಮೆರಾ ಬಳಕೆ

ಮ್ಯಾಕ್ರೋ ಮಸೂರವುಳ್ಳ ಡಿಜಿಟಲ್ ಕ್ಯಾಮೆರಾ ಹಾಗೂ ಸಮನಾದ ಬಿಳಿ ಬೆಳಕಿನ ಫಲಕದಿಂದಲೂ ನೆಗೆಟಿವ್‌ಗಳನ್ನು ಡಿಜಿಟಲೀಕರಿಸಬಹುದು. ಸ್ಕ್ಯಾನರ್ ಒಂದು ಚೌಕಟ್ಟಿಗೆ ಹಲವು ನಿಮಿಷ ತೆಗೆದುಕೊಳ್ಳಬಹುದಾದರೆ, ಇಲ್ಲಿ ಕೆಲವು ಸೆಕೆಂಡುಗಳು ಸಾಕು. ಸಾವಿರಾರು ನೆಗೆಟಿವ್‌ಗಳಿರುವ ಸ್ಟುಡಿಯೋಗಳಿಗೆ ಇದು ಅನುಕೂಲಕರ. ಬಣ್ಣದ ನೆಗೆಟಿವಿನ ಕಿತ್ತಳೆ ಛಾಯೆಯನ್ನು ತೆಗೆದು ಬಣ್ಣ ಸರಿಪಡಿಸುವ ಕೆಲಸವನ್ನು ಮಾತ್ರ ಬಳಕೆದಾರರೇ ಪ್ರತ್ಯೇಕ ತಂತ್ರಾಂಶದಲ್ಲಿ ಮಾಡಬೇಕಾಗುತ್ತದೆ.