ಮಂದಗತಿಯ ಮಾರ್ಗದಲ್ಲಿ ಕಡತ ಸಾಗಣೆ

ಮೊದಲೇ ಬರೆದಿಟ್ಟ ಆದೇಶಗಳ ಸರಣಿಗೆ ಸ್ಕ್ರಿಪ್ಟ್ ಎಂದು ಹೆಸರು. ಅದರ ನೆರವಿನಿಂದ ಗಣಕಯಂತ್ರವು ರಾತ್ರಿಯ ವೇಳೆ ಯಾರ ಮೇಲ್ವಿಚಾರಣೆಯೂ ಇಲ್ಲದೆ ದೂರದ ಇನ್ನೊಂದು ಯಂತ್ರಕ್ಕೆ ಕಡತಗಳನ್ನು ಕಳುಹಿಸಬಲ್ಲುದು. ಆದರೆ ಸಂಪರ್ಕವು ಮಂದವಾಗಿರುವಲ್ಲಿ ಈ ಕಾರ್ಯವು ನಡುವೆಯೇ ಕಡಿದು, 'ಟೈಮ್‌ಔಟ್', ಎಂದರೆ ಅವಧಿ ಮೀರಿತು ಎಂಬ ಸೂಚನೆಯೊಂದೇ ಉಳಿಯುವುದುಂಟು. ಲೆಕ್ಕಪತ್ರಗಳ ಕಾಪುಪ್ರತಿ ಹೀಗೆ ತಲುಪದೆ ಹೋದರೆ, ಮೂಲವು ಕೆಟ್ಟ ದಿನ ಆಗುವ ನಷ್ಟವು ಅಪಾರ.

ಇದಕ್ಕೆ ಮುಖ್ಯ ಕಾರಣವೇನು? ನಿಧಾನವನ್ನೂ ನಿಲುಗಡೆಯನ್ನೂ ಒಂದೇ ಎಂದು ಎಣಿಸುವುದು. ಸೆಕೆಂಡಿಗೆ 256 ಕಿಲೋಬಿಟ್ ವೇಗದ ಮಾರ್ಗದಲ್ಲಿ 50 ಮೆಗಾಬೈಟ್‌ಗಳ ಕಡತವು ಸಾಗಲು ಸುಮಾರು 26 ನಿಮಿಷಗಳು ಬೇಕು. ಒಟ್ಟು ಅವಧಿಯನ್ನು 10 ನಿಮಿಷಗಳಿಗೆ ಮಿತಿಗೊಳಿಸಿದ್ದರೆ ಸುಮಾರು 19 ಮೆಗಾಬೈಟ್ ಸಾಗುವಷ್ಟರಲ್ಲಿ ಕೆಲಸ ನಿಂತುಹೋಗುತ್ತದೆ. ಪ್ರತಿಸಲವೂ ಮೊದಲಿನಿಂದಲೇ ಆರಂಭಿಸುವುದಾದರೆ ನೂರು ಸಲ ಯತ್ನಿಸಿದರೂ ಆ ಕಡತವು ಗುರಿ ಸೇರದು.

ಆದುದರಿಂದ ಮಿತಿಯನ್ನು ಒಟ್ಟು ಕಾಲಕ್ಕಲ್ಲ, ಮೌನದ ಕಾಲಕ್ಕೆ ವಿಧಿಸಬೇಕು. 'ಕರ್ಲ್' ಎಂಬ ಸಾಧನದಲ್ಲಿ 'ಮ್ಯಾಕ್ಸ್-ಟೈಮ್' ಒಟ್ಟು ಅವಧಿಯ ಮಿತಿ. ಅದರ ಬದಲು 'ಸ್ಪೀಡ್-ಲಿಮಿಟ್' 1,000, 'ಸ್ಪೀಡ್-ಟೈಮ್' 60 ಎಂದು ಕೊಟ್ಟರೆ, 60 ಸೆಕೆಂಡುಗಳ ಕಾಲ ವೇಗವು ಸೆಕೆಂಡಿಗೆ 1,000 ಬೈಟ್‌ಗಳಿಗಿಂತ ಕೆಳಗಿಳಿದಾಗ ಮಾತ್ರ ಸಾಗಣೆ ನಿಲ್ಲುತ್ತದೆ. ನಿಧಾನವಾಗಿಯಾದರೂ ನಡೆಯುತ್ತಿರುವುದು ನಡೆದೇ ತೀರುತ್ತದೆ.

ಎರಡನೆಯ ಕಾರಣವು ಸೂಕ್ಷ್ಮವಾದುದು. 1985ರ ಆರ್‌ಎಫ್‌ಸಿ 959ರಲ್ಲಿ ನಿರೂಪಿತವಾದ ಎಫ್‌ಟಿಪಿ ಪದ್ಧತಿಯಲ್ಲಿ ಆಜ್ಞೆಗಳಿಗೊಂದು, ಕಡತಕ್ಕೊಂದು ಎಂದು ಎರಡು ಸಂಪರ್ಕಗಳಿರುತ್ತವೆ. ಕಡತವು ಹರಿಯುತ್ತಿರುವಾಗ ಆಜ್ಞೆಯ ಸಂಪರ್ಕವು ಸುಮ್ಮನಿರುತ್ತದೆ. ನಡುವಣ ಫೈರ್‌ವಾಲ್ ಅದನ್ನು ನಿರುಪಯುಕ್ತವೆಂದು ಭಾವಿಸಿ ಕಡಿದುಬಿಡಬಹುದು. ಆಗ ಕಡತವು ಪೂರ್ಣವಾಗಿ ತಲುಪಿದ್ದರೂ ಸ್ಕ್ರಿಪ್ಟ್ ಸೋಲನ್ನೇ ವರದಿ ಮಾಡುತ್ತದೆ. ಆಗಾಗ ಸಣ್ಣ ಜೀವಸೂಚಕ ಸಂದೇಶವನ್ನು ಕಳುಹಿಸುವುದು ಇದಕ್ಕೆ ಪರಿಹಾರ. ಲಿನಕ್ಸ್‌ನಲ್ಲಿ ಈ ಸೌಲಭ್ಯವನ್ನು ಬಳಸಿದರೂ, ಅಂತರವನ್ನು ಬದಲಿಸದಿದ್ದರೆ ಮೊದಲ ಸಂದೇಶ ಹೊರಡುವುದು 7,200 ಸೆಕೆಂಡುಗಳ ಮೌನದ ಬಳಿಕ. ಫೈರ್‌ವಾಲ್ ಅಷ್ಟು ಹೊತ್ತು ಕಾಯದಿರಬಹುದಾದ ಕಾರಣ ಅಂತರವನ್ನು ಒಂದೆರಡು ನಿಮಿಷಗಳಿಗೆ ಇಳಿಸುವುದು ಲೇಸು.

ಇಷ್ಟಾದರೂ ಸಂಪರ್ಕವು ಕಡಿಯುವ ಸಂದರ್ಭಗಳು ಬಂದೇ ಬರುತ್ತವೆ. ಆಗ ಬಂದಷ್ಟನ್ನು ಉಳಿಸಿಕೊಂಡು ಅಲ್ಲಿಂದಲೇ ಮುಂದುವರಿಸಬೇಕು. ಕರ್ಲ್‌ನ 'ಕಂಟಿನ್ಯೂ-ಅಟ್', ಆರ್‌ಸಿಂಕ್‌ನ 'ಪಾರ್ಷಿಯಲ್' ಇರುವುದು ಇದಕ್ಕಾಗಿಯೇ. ಮರುಯತ್ನಗಳ ನಡುವಣ ಬಿಡುವನ್ನು ಒಂದು, ಎರಡು, ನಾಲ್ಕು ನಿಮಿಷಗಳೆಂದು ಹೆಚ್ಚಿಸುತ್ತ ಹೋದರೆ ಮೊದಲೇ ಬಳಲಿದ ಮಾರ್ಗದ ಮೇಲೆ ಹೊರೆ ಬೀಳದು.

ಕೊನೆಯದಾಗಿ ಒಂದು ಎಚ್ಚರಿಕೆ. ಅರ್ಧ ಬಂದ ಕಡತವನ್ನು ಪೂರ್ಣವೆಂದು ನಂಬುವುದು ಕಡತವೇ ಬಾರದಿರುವುದಕ್ಕಿಂತ ಅಪಾಯಕರ. ಆದಕಾರಣ ಸಾಗಣೆಯನ್ನು ತಾತ್ಕಾಲಿಕ ಹೆಸರಿನಲ್ಲಿ ನಡೆಸಿ, ಎರಡು ಕಡೆಯ ಎಸ್‌ಎಚ್‌ಎ-256 ಮೊತ್ತಗಳು ತಾಳೆಯಾದ ಮೇಲೆಯೇ ನಿಜವಾದ ಹೆಸರನ್ನಿಡತಕ್ಕದ್ದು.